ಗಾಂಜಾ ಕಾನೂನು ಸಡಿಲ ಆದ್ರೆ ಹುಟ್ಟೋ ಮಗುವಿಗೆ ಏನು? ಕೊಡಗಿನ ಮನೆಗಳಿಂದ ಪದೇ ಪದೇ ಬರೋ ಪ್ರಶ್ನೆಗಳು

ನಾನು ಸ್ಟಾಫ್ ನರ್ಸ್, ನವಜಾತ ಶಿಶುಗಳ ವಾರ್ಡಲ್ಲೇ ಹೆಚ್ಚು ವರ್ಷ ಕಳೆದವಳು, ಈಗ ಸೋಮವಾರಪೇಟೆ ಕಡೆ ಮನೇಲಿದ್ದೀನಿ. ಮೊದಲೆಲ್ಲ ಬಸುರಿಯರು ಕೇಳ್ತಿದ್ದಿದ್ದು ಪಪ್ಪಾಯಿ ತಿನ್ನಬಹುದಾ, ಕಾಫಿ ಎಷ್ಟು ಲೋಟ ಕುಡೀಬಹುದು, ತೋಟದ ರಸ್ತೇಲಿ ಜೀಪಲ್ಲಿ ಕೂತ್ರೆ ಏನಾದ್ರೂ ಆಗತ್ತಾ ಅಂತ. ಈಗ ಕೆಲವು ವರ್ಷದಿಂದ ಗಾಂಜಾ ಪ್ರಶ್ನೆ ಶುರುವಾಗಿದೆ. ಅದೂ ನೇರವಾಗಿ ಯಾರೂ ಕೇಳಲ್ಲ, ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪಲ್ಲಿ "ಸಿಸ್ಟರ್, ನನ್ನ ಫ್ರೆಂಡಿಗೋಸ್ಕರ ಕೇಳ್ತಿದೀನಿ" ಅಂತ ಬರತ್ತೆ. ಮಗ ಸೊಸೆ ಟೊರಾಂಟೋದಲ್ಲಿರೋ ಅತ್ತೆಯಂದಿರು ಕೇಳ್ತಾರೆ, ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ಹೆರಿಗೆಗೆ ತವರಿಗೆ ಬಂದ ಹುಡುಗೀರು ಕೇಳ್ತಾರೆ, ಹೋಮ್‌ಸ್ಟೇ ನಡೆಸೋರೂ ಕೇಳಿದ್ದಾರೆ. ಒಬ್ಬೊಬ್ಬರಿಗೆ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೆದಿದ್ದೀನಿ. ಇದು ನಿಮ್ಮ ಡಾಕ್ಟರ್ ಹೇಳೋದಕ್ಕೆ ಬದಲಿ ಅಲ್ಲ, ಆದ್ರೆ ಡಾಕ್ಟರ್ ಹತ್ರ ಹೋಗಿ ಏನು ಕೇಳಬೇಕು ಅಂತಾದ್ರೂ ಗೊತ್ತಾಗತ್ತೆ.

ಕೆನಡಾದಲ್ಲಿ ಗೌರ್ಮೆಂಟೇ ಲೈಸೆನ್ಸ್ ಕೊಟ್ಟು ಮಾರಿಸತ್ತಂತೆ. ಹಾಗಾದ್ರೆ ಅದು ಸೇಫ್ ಅಂತಾನೇ ತಾನೇ ಸಿಸ್ಟರ್?

ಅತಿ ಹೆಚ್ಚು ಬರೋ ಪ್ರಶ್ನೆ ಇದೇ, ಅದಕ್ಕೆ ಮೊದಲು ಇದನ್ನೇ ಇಟ್ಟಿದ್ದೀನಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ದೊಡ್ಡೋರಿಗೆ ಗಾಂಜಾ ಲೀಗಲ್, ಅದು ನಿಜ. ಆದ್ರೆ ಅದೇ ಕೆನಡಾದಲ್ಲಿ ಪ್ಯಾಕೆಟ್ ಮೇಲೆ ಹಾಕೋ ಎಚ್ಚರಿಕೆಗಳಲ್ಲಿ ಬಸುರಿಯರು, ಹಾಲೂಡಿಸೋ ತಾಯಂದಿರು ಬಳಸಬಾರದು ಅನ್ನೋದೂ ಇದೆ, ಅದನ್ನ ಯಾರೂ ಹೇಳಲ್ಲ. ಬ್ರಾಂಡಿ ಅಂಗಡಿಗೂ ನಮ್ಮಲ್ಲಿ ಲೈಸೆನ್ಸ್ ಇದೆ, ಸಿಗರೇಟಿಗೂ ಇದೆ, ಹಾಗಂತ ಬಸುರಿಗೆ ಕೊಡ್ತೀವಾ? ಲೀಗಲ್ ಮಾಡಿದ್ದು ಕಳ್ಳ ವ್ಯಾಪಾರ ತಡೆಯೋಕೆ, ಸಣ್ಣ ಪುಟ್ಟ ಕೇಸಿಗೆ ಹುಡುಗರನ್ನ ಜೈಲಿಗೆ ಹಾಕೋದು ನಿಲ್ಲಿಸೋಕೆ, ಮಾಲಿನ ಕ್ವಾಲಿಟಿ ನೋಡ್ಕೊಳ್ಳೋಕೆ, ಟ್ಯಾಕ್ಸಿಗೆ. ಹೊಟ್ಟೇಲಿರೋ ಮಗುವಿಗೆ ಒಳ್ಳೇದು ಅಂತ ಪರೀಕ್ಷೆ ಮಾಡಿ ಯಾವ ದೇಶವೂ ಲೀಗಲ್ ಮಾಡಿಲ್ಲ.

ನಮ್ಮ ದೇಶದಲ್ಲಿ ಈಗ ಕಾನೂನು ಏನಿದೆ? ಇಲ್ಲೂ ಬದಲಾಗ್ತಿದೆ ಅಂತಾರಲ್ಲ?

1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ನಮ್ಮ ಮಾದಕವಸ್ತು ತಡೆ ಕಾನೂನಿನ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂವು ಕಾಯಿ ಬಿಟ್ಟ ತುದಿ, ಚರಸ್ ಅಂದ್ರೆ ಅದರ ಅಂಟು, ಎರಡೂ ಅಪರಾಧ. ಬರೀ ಎಲೆ ಬರೀ ಬೀಜ ಆ ವ್ಯಾಖ್ಯೆಯಿಂದ ಹೊರಗಿದೆ, ಅದಕ್ಕೇ ಉತ್ತರ ಭಾರತದ ಕಡೆ ಭಂಗ್ ಅಂಗಡಿ ನಡೀತಿರೋದು. 1 ಕೆಜಿ ಒಳಗಿನ ಗಾಂಜಾ ಸಣ್ಣ ಪ್ರಮಾಣ, ಅದಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, 20 ಕೆಜಿಯಿಂದ ಮೇಲೆ ಹೋದ್ರೆ 10ರಿಂದ 20 ವರ್ಷ. ಸೇದಿದ್ದಕ್ಕೇ ಬೇರೆ ಸೆಕ್ಷನ್ ಇದೆ, 27 ಅಂತ, 6 ತಿಂಗಳವರೆಗೆ.

ಬದಲಾವಣೆ ನಿಧಾನಕ್ಕೆ ಆಗ್ತಿದೆ. ಉತ್ತರಾಖಂಡ 2018ರಲ್ಲಿ ಗಿಡದ ನಾರು ತೆಗೆಯೋಕೆ ಹೆಂಪ್ (ನಶೆ ಅಂಶ ತೀರಾ ಕಮ್ಮಿ ಇರೋ ಗಾಂಜಾ ತಳಿ) ಬೆಳೆಯೋಕೆ ಲೈಸೆನ್ಸ್ ಕೊಡ್ತು, 2020ರಲ್ಲಿ ವಿಶ್ವಸಂಸ್ಥೆ ಮಾದಕವಸ್ತು ಆಯೋಗದಲ್ಲಿ ಗಾಂಜಾನ ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯೋಕೆ ಭಾರತವೂ ಓಟು ಹಾಕ್ತು, 2021ರಲ್ಲಿ ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟು ಆಹಾರ ಅಂತ ಒಪ್ಪಿಗೆ ಸಿಕ್ತು, 2024ರಲ್ಲಿ ಹಿಮಾಚಲ ವಿಧಾನಸಭೆ ಔಷಧಿಗೆ ಕೈಗಾರಿಕೆಗೆ ಬೆಳೆಯೋಣ ಅಂತ ನಿರ್ಣಯ ಮಾಡ್ತು. ಇದ್ಯಾವುದೂ ಸೇದೋಕೆ ಕೊಟ್ಟ ಪರ್ಮಿಷನ್ ಅಲ್ಲ. ಆದ್ರೆ ಪೇಪರಲ್ಲಿ "ಗಾಂಜಾಗೆ ಒಪ್ಪಿಗೆ" ಅಂತ ಹೆಡ್ಡಿಂಗ್ ಬಂದಾಗ ಓದೋರು ಒಳಗಿನ ನಾಲ್ಕು ಸಾಲು ಓದಲ್ಲ.

ಅಮ್ಮ ಸೇದಿದ್ದು ಮಗುವಿಗೆ ಹೇಗೆ ಹೋಗತ್ತೆ? ಮಾಸು ತಡೆಯಲ್ವಾ?

ಮಾಸು ಸೋಸೋ ಬಟ್ಟೆ ಇದ್ದಂಗೆ, ಬೇಡದ್ದೆಲ್ಲ ಅಲ್ಲೇ ನಿಲ್ಲತ್ತೆ ಅನ್ನೋ ನಂಬಿಕೆ ತುಂಬಾ ಜನಕ್ಕಿದೆ. ಹಾಗಿಲ್ಲ. ಗಾಂಜಾದಲ್ಲಿ ನಶೆ ಕೊಡೋ ಅಂಶ ಟಿಎಚ್‌ಸಿ, ಅದು ಕೊಬ್ಬಲ್ಲಿ ಕರಗೋ ವಸ್ತು, ಅಮ್ಮನ ರಕ್ತದಿಂದ ಮಾಸು ದಾಟಿ ಹೊಕ್ಕುಳಬಳ್ಳಿ ಮೂಲಕ ಮಗುವಿನ ರಕ್ತಕ್ಕೆ ಹೋಗತ್ತೆ. ಅಮ್ಮನಲ್ಲಿರೋಷ್ಟು ಮಟ್ಟ ಮಗುವಲ್ಲಿರಲ್ಲ, ಕಮ್ಮಿ ಇರತ್ತೆ, ಆದ್ರೆ ಹೋಗೋದಂತೂ ಹೋಗತ್ತೆ, ಮತ್ತೆ ಕೊಬ್ಬಲ್ಲಿ ಕೂತಿದ್ದು ಬೇಗ ಹೊರಗೆ ಬರಲ್ಲ, ಇವತ್ತು ಬಿಟ್ರೆ ನಾಳೆ ಮೈಯೆಲ್ಲ ಕ್ಲೀನ್ ಅನ್ನೋ ಹಾಗಿಲ್ಲ.

ಇನ್ನೊಂದು ವಿಷಯ, ನಮ್ಮ ದೇಹ ತಾನೇ ಗಾಂಜಾ ತರದ ವಸ್ತುಗಳನ್ನ ಚೂರು ಚೂರು ತಯಾರು ಮಾಡ್ಕೊಳ್ಳತ್ತೆ, ಹೊಟ್ಟೇಲಿರೋ ಮಗುವಿನ ಮಿದುಳಲ್ಲಿ ನರಗಳು ಯಾವ ದಿಕ್ಕಿಗೆ ಬೆಳೀಬೇಕು, ಎಲ್ಲಿ ಹೋಗಿ ಕೂಡಬೇಕು ಅನ್ನೋ ಕೆಲಸದಲ್ಲಿ ಆ ವಸ್ತುಗಳಿಗೆ ಪಾತ್ರ ಇದೆ. ಹೊರಗಿಂದ ಟಿಎಚ್‌ಸಿ ಬಂದು ಅದೇ ಜಾಗದಲ್ಲಿ ಕೂತ್ರೆ ಆ ಕೆಲಸಕ್ಕೆ ಅಡ್ಡಿ. ಸೇದೋದಾದ್ರೆ ಹೊಗೆ ಬೇರೆ, ಹೊಗೇಲಿ ಕಾರ್ಬನ್ ಮಾನಾಕ್ಸೈಡ್ ಇರತ್ತೆ, ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡ್ಕೊಂಡು ಬಿಡತ್ತೆ.

ಹುಟ್ಟಿದ ಮಗುವಿಗೆ ನಿಜವಾಗಿ ಏನಾಗಿದೆ? ಹೆದರಿಸೋಕೆ ಹೇಳ್ತಿಲ್ಲ ತಾನೇ?

ಇಲ್ಲ, ಹೆದರಿಸಿದ್ರೆ ಪ್ರಯೋಜನ ಇಲ್ಲ ಅಂತ ನನ್ನ ಸರ್ವೀಸಲ್ಲೇ ಕಲ್ತಿದ್ದೀನಿ. ಲೆಕ್ಕ ಹೇಳ್ತೀನಿ. ಕೆನಡಾದ ಒಂಟಾರಿಯೊದಲ್ಲಿ 2012ರಿಂದ 2017ರವರೆಗಿನ 6,61,617 ಬಸುರಿಯರ ದಾಖಲೆ ನೋಡಿದ್ರು, 2019ರಲ್ಲಿ ಅದು ಪ್ರಕಟ ಆಯ್ತು. ಗಾಂಜಾ ಬಳಸಿದ್ದೀನಿ ಅಂತ ಹೇಳ್ಕೊಂಡೋರು 100ಕ್ಕೆ ಒಂದೂವರೆಗಿಂತ ಸ್ವಲ್ಪ ಕಮ್ಮಿ. 37 ವಾರ ತುಂಬೋ ಮೊದಲೇ ಹುಟ್ಟಿದ ಮಕ್ಕಳು ಬಳಸದೇ ಇದ್ದೋರಲ್ಲಿ 100ಕ್ಕೆ 6, ಬಳಸಿದೋರಲ್ಲಿ 12. ಆದ್ರೆ ಬಳಸಿದೋರಲ್ಲಿ ಸಿಗರೇಟು, ಕುಡಿತ, ಬಡತನ ಕೂಡ ಜಾಸ್ತಿ ಇತ್ತು, ಅದನ್ನೆಲ್ಲ ಸರಿತೂಗಿಸಿ ಒಂದೇ ತರದ ಹೆಂಗಸರನ್ನ ಜೋಡಿ ಮಾಡಿ ನೋಡಿದಾಗ ಬಳಸದೋರಲ್ಲಿ 7.2, ಬಳಸಿದೋರಲ್ಲಿ 10.2 ಉಳೀತು. ಅಂದ್ರೆ ವ್ಯತ್ಯಾಸ ಸಣ್ಣದಾಯ್ತು, ಹೋಗಲಿಲ್ಲ. ತಿಂಗಳಿಗೆ ತಕ್ಕ ಬೆಳವಣಿಗೆ ಇಲ್ಲದ ಮಕ್ಕಳು, ಹೆರಿಗೆಗೆ ಮೊದಲೇ ಮಾಸು ಬಿಟ್ಕೊಳ್ಳೋದು, ಮಗುವನ್ನ ಐಸಿಯುಗೆ ಸೇರಿಸೋದು, ಇವೂ ಬಳಸಿದೋರಲ್ಲಿ ಜಾಸ್ತಿ ಇತ್ತು.

"ಹೇಳ್ಕೊಂಡೋರು" ಅಂದ್ನಲ್ಲ, ಅಲ್ಲೇ ಒಂದು ತೊಡಕು, ಎಷ್ಟೋ ಜನ ಹೇಳಲ್ಲ. ಅದಕ್ಕೆ 2023ರಲ್ಲಿ ಬಂದ ಅಮೆರಿಕಾದ ಅಧ್ಯಯನ ನಂಗೆ ಹೆಚ್ಚು ನಂಬಿಕೆ ಬರಿಸ್ತು. ಮೊದಲ ಹೆರಿಗೆಯ 9 ಸಾವಿರಕ್ಕಿಂತ ಹೆಚ್ಚು ಹೆಂಗಸರ ಮೂತ್ರವನ್ನೇ ಪರೀಕ್ಷೆ ಮಾಡಿದ್ರು. ಮಗು ಬೆಳೀದೇ ಇರೋದು, ಬಿಪಿ ಏರೋದು, ಅವಧಿಗೆ ಮುಂಚೆ ಹೆರಿಗೆ ಮಾಡಿಸಲೇಬೇಕಾಗೋದು, ಹೊಟ್ಟೇಲೇ ಮಗು ಹೋಗೋದು, ಈ ನಾಲ್ಕರಲ್ಲಿ ಯಾವುದಾದ್ರೂ ಒಂದು ಆದೋರು ಗಾಂಜಾ ಇದ್ದೋರಲ್ಲಿ 100ಕ್ಕೆ 25.9, ಇಲ್ಲದೋರಲ್ಲಿ 17.4. 2025ರಲ್ಲಿ 51 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ್ದೂ ಇದೇ ಕಡೆ ಬೆರಳು ತೋರಿಸಿದೆ: ಕಮ್ಮಿ ತೂಕ, ಅವಧಿಗೆ ಮುಂಚೆ ಹುಟ್ಟೋದು.

ತೂಕ ಸ್ವಲ್ಪ ಕಮ್ಮಿ ಆದ್ರೆ ಏನಾಯ್ತು, ಆಮೇಲೆ ತುಂಬ್ಕೊಳ್ಳತ್ತಲ್ಲ?

ಇದನ್ನ ಕೇಳಿದಾಗೆಲ್ಲ ನಂಗೆ ಒಂದು ಮಗು ನೆನಪಾಗತ್ತೆ. ಕಾಫಿ ಕೊಯ್ಲಿನ ಟೈಮು, ಜನವರಿ ಚಳಿ, 34 ವಾರಕ್ಕೆ ಹುಟ್ಟಿದ ಹೆಣ್ಣು ಪಾಪು, 1 ಕೆಜಿ 640 ಗ್ರಾಂ. ವಾರ್ಮರ್ ಕೆಳಗೆ ಮಲಗಿಸಿದ್ರೂ ಪಾದ ತಣ್ಣಗೆ, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ ಅಷ್ಟೇ ಆ ಪಾದ. ಸಕ್ಕರೆ ಮಟ್ಟ ನೋಡೋಕೆ ಹಿಮ್ಮಡಿ ಚುಚ್ಚಬೇಕು, ಮತ್ತೆ ಮತ್ತೆ, ಕೊನೆಗೆ ಚುಚ್ಚೋಕೆ ಜಾಗ ಹುಡುಕ್ತಿದ್ವಿ. ಚೀಪೋಕೆ ಶಕ್ತಿ ಇಲ್ಲ, ಎರಡು ಸಲ ಚೀಪಿ ನಿದ್ದೆ ಹೋಗಿಬಿಡ್ತಿತ್ತು, ಒಳಲೇಲಿ ಒಂದೊಂದು ಹನಿ ಹಾಲು ತುಟಿ ಮೇಲೆ ಬಿಟ್ಟು ಅದು ನುಂಗೋವರೆಗೆ ಕಾಯೋದು, 20 ಎಂಎಲ್ ಕುಡಿಸೋಕೆ ಮುಕ್ಕಾಲು ಗಂಟೆ. ಅಪ್ಪ ಗಾಜಿನ ಆಚೆ ಉಲ್ಲನ್ ಟೋಪಿ ಹಿಡ್ಕೊಂಡು ನಿಂತಿದ್ದ, ಆ ಟೋಪಿ ಮಗುವಿನ ಮುಖ ಪೂರ್ತಿ ಮುಚ್ಚೋಷ್ಟು ದೊಡ್ಡದು.

ಆ ಮಗುವಿನ ಅಮ್ಮ ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ ಹುಡುಗಿ, ಮೂರನೇ ದಿನ ರಾತ್ರಿ ಹಾಲು ಹಿಂಡ್ತಾ ಹಿಂಡ್ತಾ ನನ್ನ ಹತ್ರ ಹೇಳಿದ್ಲು, ಐದನೇ ತಿಂಗಳವರೆಗೂ ವೀಕೆಂಡಲ್ಲಿ ಸೇದ್ತಿದ್ದೆ ಸಿಸ್ಟರ್, ಸಿಗರೇಟೂ ಇತ್ತು ಅಂತ. ಗಾಂಜಾದಿಂದಲೇ ಹೀಗಾಯ್ತು ಅಂತ ಒಂದು ಮಗುವನ್ನ ನೋಡಿ ಯಾರೂ ಹೇಳಕ್ಕಾಗಲ್ಲ, ನಾನೂ ಅವಳಿಗೆ ಹಾಗೆ ಹೇಳಲಿಲ್ಲ. ಆ ಮಗು ಎದೆಗೆ ಕಟ್ಕೊಳ್ಳೋ ಕಾಂಗರೂ ಆರೈಕೆಯಲ್ಲಿ ಚೇತರಿಸ್ಕೊಂಡು ಮನೆಗೆ ಹೋಯ್ತು, ಈಗ ಸ್ಕೂಲಿಗೆ ಹೋಗತ್ತೆ. ತೂಕ ತುಂಬ್ಕೊಳ್ಳತ್ತೆ ಅನ್ನೋದು ಸುಳ್ಳಲ್ಲ. ಆದ್ರೆ ಎರಡೂವರೆ ಕೆಜಿಗಿಂತ ಕಮ್ಮಿ ಇರೋ ಮಗುವಿಗೆ ಮೈ ಬಿಸಿ ಹಿಡಿದಿಟ್ಕೊಳ್ಳೋದು, ಸೋಂಕು ತಡ್ಕೊಳ್ಳೋದು, ಹಾಲು ಕುಡಿಯೋದು ಎಲ್ಲವೂ ಕಷ್ಟ, ಅದರಲ್ಲೂ ನಮ್ಮ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿ ಕರೆಂಟ್ ಇಲ್ಲದೆ ಕೂತಿರೋ ಮನೇಲಿ ಅಂಥ ಮಗು ಇದ್ರೆ ಹೇಗಿರತ್ತೆ ಅಂತ ಒಂದು ಸಲ ಯೋಚನೆ ಮಾಡಿ.

ಜಮೈಕಾದಲ್ಲಿ ಬಸುರಿಯರು ಗಾಂಜಾ ಟೀ ಕುಡೀತಾರೆ, ಮಕ್ಕಳು ಗಟ್ಟಿಮುಟ್ಟಾಗಿದ್ವಂತೆ?

ಇದನ್ನ ಕಳಿಸಿದ್ದು ಓದಿಕೊಂಡ ಹುಡುಗನೇ, ಅವನು ಹೇಳಿದ್ದು ಸುಳ್ಳಲ್ಲ. 1994ರಲ್ಲಿ ಅಂಥ ಅಧ್ಯಯನ ಬಂದಿದೆ, ಒಂದು ತಿಂಗಳಾದಾಗ ಬಳಸಿದ ತಾಯಂದಿರ ಮಕ್ಕಳು ಕೆಲವು ಪರೀಕ್ಷೆಯಲ್ಲಿ ಮುಂದೆ ಇದ್ರು. ಆದ್ರೆ ಅದರಲ್ಲಿದ್ದಿದ್ದು ಎರಡೂ ಕಡೆ ಸೇರಿ 44 ಮಕ್ಕಳು, ಮತ್ತೆ ಹೆಚ್ಚು ಬಳಸ್ತಿದ್ದ ತಾಯಂದಿರು ಕೈಯಲ್ಲಿ ನಾಲ್ಕು ಕಾಸು ಇದ್ದೋರು, ಮನೇಲಿ ಸಹಾಯ ಇದ್ದೋರು, ಅದನ್ನ ಅಧ್ಯಯನ ಮಾಡಿದೋರೇ ಬರೆದಿದ್ದಾರೆ. ಮಗು ಚೆನ್ನಾಗಿರೋಕೆ ಅದು ಕಾರಣ ಆಗಿರಬಹುದು. ಅಲ್ಲದೆ ಆಗಿನ ಮಾಲು ಬೇರೆ: ಅಮೆರಿಕಾದಲ್ಲಿ ಪೊಲೀಸ್ ಹಿಡಿದ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ 100ಕ್ಕೆ 4ರಷ್ಟು ಇತ್ತು, 2014ಕ್ಕೆ 12ರಷ್ಟಾಗಿತ್ತು.

ಕಾನೂನು ಸಡಿಲ ಆದ ಕಡೆ ಬಸುರಿಯರಲ್ಲಿ ಬಳಕೆ ಜಾಸ್ತಿ ಆಯ್ತಾ?

ಆಯ್ತು, ಆದ್ರೆ ಕಥೆ ಅಷ್ಟು ಸೀದಾ ಇಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಆಸ್ಪತ್ರೆ ಜಾಲದಲ್ಲಿ ಬಸುರಿಯರಿಗೆಲ್ಲ ಮಾಮೂಲಿಯಾಗಿ ಪರೀಕ್ಷೆ ಮಾಡ್ತಾರೆ, ಅಲ್ಲಿ 2009ರಲ್ಲಿ 100ಕ್ಕೆ 4 ಇದ್ದಿದ್ದು 2016ರಲ್ಲಿ 7 ಆಗಿತ್ತು. ಗಮನಿಸಿ, ಆ ರಾಜ್ಯದಲ್ಲಿ ಎಲ್ಲರಿಗೂ ಮಾರೋ ಅಂಗಡಿ ತೆರೆದಿದ್ದು 2018ರ ಜನವರೀಲಿ, ಅಂದ್ರೆ ಅಂಗಡಿಗೂ ಮೊದಲೇ ಏರಿತ್ತು. ಔಷಧಿ ಅಂತ 1996ರಿಂದಲೇ ಸಿಗ್ತಿತ್ತು, ಜನರ ಮನಸ್ಸಲ್ಲಿ "ಇದು ಔಷಧಿ" ಅಂತ ಕೂತಿತ್ತು. ನನ್ನ ಪ್ರಕಾರ ಕಾನೂನಿಗಿಂತ ಮೊದಲು ಬದಲಾಗೋದು ಈ ಮಾತು, ಅದರ ಹಿಂದೆ ಬಳಕೆ ಬರತ್ತೆ.

ಒಂಟಾರಿಯೊದಲ್ಲಿ ಲೀಗಲ್ ಆದ್ಮೇಲೆ ಗಾಂಜಾದಿಂದ ತೊಂದರೆ ಆಗಿ ಎಮರ್ಜೆನ್ಸಿಗೆ ಬಂದ ಅಥವಾ ಅಡ್ಮಿಟ್ ಆದ ಬಸುರಿಯರು ಒಂದು ಲಕ್ಷಕ್ಕೆ 11 ಇದ್ದಿದ್ದು 20 ಆಯ್ತು. ಸಂಖ್ಯೆ ಸಣ್ಣದು, ಆದ್ರೆ ಹೆಚ್ಚುಕಮ್ಮಿ ಎರಡರಷ್ಟು. ಇನ್ನು ನನ್ನ ಹೊಟ್ಟೆ ಉರಿಸಿದ್ದು ಅಮೆರಿಕಾದ ಕೊಲರಾಡೋ ರಾಜ್ಯದ ವಿಷಯ. ಅಲ್ಲಿ ಸಂಶೋಧಕರು ಬಸುರಿ ತರ ಮಾತಾಡಿ 400 ಗಾಂಜಾ ಅಂಗಡಿಗೆ ಫೋನ್ ಮಾಡಿ, ಎಂಟು ವಾರ, ಬೆಳಗ್ಗೆ ವಾಂತಿ, ಏನು ತಗೋಬಹುದು ಅಂತ ಕೇಳಿದ್ರು. 100ಕ್ಕೆ 69 ಅಂಗಡಿಯೋರು ಗಾಂಜಾದ ಯಾವುದೋ ಒಂದು ಐಟಂ ಹೇಳಿಬಿಟ್ರು. ಕೌಂಟರಲ್ಲಿ ಕೂತಿರೋ ಹುಡುಗ ಬಸುರಿಗೆ ಔಷಧಿ ಹೇಳೋದು ಅಂದ್ರೆ ಏನರ್ಥ. ಕಾನೂನು ಬರೆಯೋರು ಎಷ್ಟು ಗ್ರಾಂ, ಎಷ್ಟು ವಯಸ್ಸು, ಎಷ್ಟು ಟ್ಯಾಕ್ಸ್ ಅಂತೆಲ್ಲ ಬರೆದ್ರು, ಈ ಕೌಂಟರಿನ ಮಾತನ್ನ ಮರೆತ್ರು.

ವಾಂತಿ ತಡೆಯಕ್ಕಾಗ್ತಿಲ್ಲ, ಒಂದೆರಡು ದಮ್ಮು ಎಳೆದ್ರೆ ನಿಲ್ಲತ್ತೆ ಅಂತಾರೆ...

ಬೇಡಮ್ಮ. ವಾಂತಿ ಎಷ್ಟು ಕಷ್ಟ ಅಂತ ನಂಗೊತ್ತು, ನಾನು ನನ್ನ ಮೊದಲ ಬಸುರಲ್ಲಿ ಕಾಫಿ ಹುರಿಯೋ ವಾಸನೆಗೇ ಓಡ್ತಿದ್ದೆ, ಕೊಡಗಲ್ಲಿದ್ದು ಕಾಫಿ ವಾಸನೆ ತಡೆಯಕ್ಕಾಗಲ್ಲ ಅಂದ್ರೆ ಎಲ್ಲಿಗೆ ಹೋಗೋದು. ಬಸುರಿಯರಿಗೆ ಕೊಡೋ ಮಾತ್ರೆನೇ ಇದೆ, ಡಾಕ್ಸಿಲಮಿನ್ ಜೊತೆ ಬಿ6 ಸೇರಿಸಿದ್ದು, ವರ್ಷಗಟ್ಟಲೆ ಬಳಸಿ ನೋಡಿರೋದು, ಡಾಕ್ಟರ್ ಬರ್ಕೊಡ್ತಾರೆ. ಶುಂಠಿ, ಸ್ವಲ್ಪ ಸ್ವಲ್ಪ ಊಟ, ಎದ್ದ ತಕ್ಷಣ ಒಣ ರಸ್ಕು. ನೀರೂ ನಿಲ್ತಿಲ್ಲ, ಮೂತ್ರ ಕಮ್ಮಿ ಆಗಿದೆ ಅಂದ್ರೆ ಡ್ರಿಪ್ ಹಾಕಿಸ್ಕೋಬೇಕು, ಕಾಯಬಾರದು.

ಇನ್ನೊಂದು ಗೊತ್ತಿರಲಿ, ತುಂಬಾ ದಿನದಿಂದ ಗಾಂಜಾ ಸೇದೋರಿಗೆ ಗಾಂಜಾದಿಂದಲೇ ಬಿಡದೆ ವಾಂತಿ ಬರೋ ಕಾಯಿಲೆ ಇದೆ. ಬಿಸಿನೀರು ಸ್ನಾನ ಮಾಡಿದ್ರೆ ಮಾತ್ರ ಸ್ವಲ್ಪ ಆರಾಮ ಅನ್ಸತ್ತೆ, ಅದೇ ಅದರ ಗುರುತು. ಬಸುರಿ ವಾಂತಿ ಅಂತ ತಿಳ್ಕೊಂಡು ಇನ್ನಷ್ಟು ಸೇದ್ತಾರೆ, ಇನ್ನಷ್ಟು ವಾಂತಿ.

ಅದೂ ಒಂದು ಸೊಪ್ಪು ತಾನೇ? ನಾವು ಕಕ್ಕಡದಲ್ಲಿ ಮದ್ದುಸೊಪ್ಪು ತಿನ್ನಲ್ವಾ?

ಕಕ್ಕಡ ಅಂದ್ರೆ ನಮ್ಮ ಕೊಡಗಿನ ಮಳೆಗಾಲದ ತಿಂಗಳು, ಅದರ 18ನೇ ದಿನ ಮದ್ದುಸೊಪ್ಪಿನ (ಔಷಧಿ ಗುಣ ಇದೆ ಅಂತ ತಿನ್ನೋ ಕಾಡು ಸೊಪ್ಪು) ಪಾಯಸ ಮಾಡದ ಮನೆ ನಮ್ಮಲ್ಲಿ ಕಮ್ಮಿ, ನಂಗೂ ಪ್ರಾಣ. ಆದ್ರೆ ಆ ಸೊಪ್ಪೇ ನಮಗೆ ಒಂದು ಪಾಠ ಹೇಳ್ಕೊಡತ್ತೆ. ತಿಂದ ಮಾರನೇ ದಿನ ಮೂತ್ರ ಕೆಂಪಗೆ ಬರತ್ತಲ್ಲ, ಅಂದ್ರೆ ತಿಂದ ಗಿಡದ ಅಂಶ ರಕ್ತಕ್ಕೆ ಹೋಗಿ ಮೈಯೆಲ್ಲ ಸುತ್ತಿ ಬಂತು ಅಂತ. ಗಿಡದ್ದು ಅಂದ ಮಾತ್ರಕ್ಕೆ ಅದು ಮೈಯಲ್ಲಿ ಕೆಲಸ ಮಾಡಲ್ಲ ಅಂತಲ್ಲ. ನಮ್ಮ ಹಿರಿಯರು ಅದಕ್ಕೂ ದಿನ ನೋಡಿ ಲೆಕ್ಕ ಇಟ್ಟಿದ್ರು. ಹೊಗೆಸೊಪ್ಪೂ ಸೊಪ್ಪೇ.

ಹೆಂಪ್ ಬೀಜ, ಸಿಬಿಡಿ ಎಣ್ಣೆ, ಭಂಗ್ ಇದೆಲ್ಲ?

ಸಿಬಿಡಿ ಅಂದ್ರೆ ಗಾಂಜಾ ಗಿಡದ್ದೇ ಇನ್ನೊಂದು ಅಂಶ. ಅದರ ಎಣ್ಣೆ ನಶೆ ಕೊಡಲ್ಲ ಅಂತ ಬಸುರಿಯರು ನಿದ್ದೆಗೆ ತಗೋತಾರೆ, ಅಮೆರಿಕಾದ ಔಷಧಿ ಇಲಾಖೆಯೇ ಬಸುರಿಯರು, ಹಾಲೂಡಿಸೋರು ಬಳಸಬೇಡಿ ಅಂತ ಖಡಾಖಂಡಿತ ಹೇಳಿದೆ. ಆಯುರ್ವೇದದ ಹೆಸರಲ್ಲಿ "ವಿಜಯಾ" ಅಂತ ಬರೆದಿದ್ರೆ ಅದೂ ಇದೇ ಗಿಡ, ಲೇಬಲ್ ಓದಿ. ಭಂಗಲ್ಲೂ ಟಿಎಚ್‌ಸಿ ಇದೆ, ಕಾನೂನಲ್ಲಿ ಹೊರಗಿದ್ರೂ ಮಾಸಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಹೆಂಪ್ ಬೀಜದಲ್ಲಿ ಟಿಎಚ್‌ಸಿ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಇದೆ. ಆದ್ರೂ ಒಂಬತ್ತು ತಿಂಗಳು ಪ್ರೋಟೀನಿಗೆ ಮೊಟ್ಟೆ, ಹೆಸರುಕಾಳು ಸಾಲಲ್ವಾ ಅನ್ನೋದು ನನ್ನ ಅಭಿಪ್ರಾಯ.

ನಾನು ಸೇದಲ್ಲ, ನಮ್ಮ ಯಜಮಾನ್ರು ಸೇದ್ತಾರೆ.

2019ರ ದೇಶದ ಸರ್ವೇಲಿ ಗಾಂಜಾ, ಚರಸ್, ಭಂಗ್ ಸೇರಿ ಗಂಡಸರಲ್ಲಿ 100ಕ್ಕೆ 5, ಹೆಂಗಸರಲ್ಲಿ 1ಕ್ಕಿಂತ ಕಮ್ಮಿ ಅಂತ ಬಂದಿದೆ, ಹಾಗಾಗಿ ನಮ್ಮಲ್ಲಿ ಹೆಚ್ಚಿನ ಮನೇಲಿ ಪ್ರಶ್ನೆ ಇದೇ. ಹೊಗೆ ಯಾರು ಬಿಟ್ರೂ ಹೊಗೆನೇ. ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಕೊಂಡು ಒಳಗೇ ಸೇದಿದ್ರೆ ಬಸುರಿ ಹೆಂಡತಿ, ಬಾಣಂತಿ, ಕೂಸು ಎಲ್ಲರೂ ಕುಡಿದಂಗೆ. ಮನೆ ಒಳಗೆ ಬೇಡವೇ ಬೇಡ, ಆಚೆ ಸೇದಿ ಬಂದ್ರೂ ಅಂಗಿ ಬದಲಾಯಿಸದೆ ಮಗು ಎತ್ಕೋಬೇಡಿ, ನಶೇಲಿ ಮಗು ಪಕ್ಕ ಮಲಗಬೇಡಿ.

ಅಂಬೆಗಾಲಿಡೋ ಮಗು ಇದ್ರೆ ಇನ್ನೊಂದು ಮಾತು, ಆಚೆ ದೇಶದಲ್ಲಿರೋರಿಗೆ ಮುಖ್ಯವಾಗಿ. ಗಾಂಜಾ ಹಾಕಿದ ಚಾಕ್ಲೇಟು, ಜೆಲ್ಲಿ ಮಿಠಾಯಿ ಬಂದ್ಮೇಲೆ ಒಂಟಾರಿಯೊದಲ್ಲಿ 10 ವರ್ಷದೊಳಗಿನ ಮಕ್ಕಳು ಅದನ್ನ ತಿಂದು ಎಮರ್ಜೆನ್ಸಿಗೆ ಬರೋದು ಸುಮಾರು 9 ಪಟ್ಟು ಆಯ್ತು. ಬೀಗ ಹಾಕಿಡಿ.

ಬಾಣಂತಿ ಸೇದಬಹುದಾ? ಹೆರಿಗೆ ಆಯ್ತಲ್ಲ.

ಹಾಲಲ್ಲಿ ಕೊಬ್ಬಿದೆ, ಟಿಎಚ್‌ಸಿ ಕೊಬ್ಬಲ್ಲಿ ಕೂರೋದು, ಆಮೇಲೆ ನೀವೇ ಲೆಕ್ಕ ಹಾಕಿ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಬಳಸೋ ತಾಯಂದಿರ 54 ಹಾಲಿನ ಸ್ಯಾಂಪಲ್ ನೋಡಿದ್ರೆ 34ರಲ್ಲಿ ಟಿಎಚ್‌ಸಿ ಇತ್ತು, ಕೊನೆಯ ಸಲ ಬಳಸಿ 6 ದಿನ ಆಗಿದ್ರೂ ಕೆಲವರ ಹಾಲಲ್ಲಿ ಸಿಕ್ತು. ಹೆಂಡ ಕುಡಿದೋರಿಗೆ ಇಷ್ಟು ಗಂಟೆ ಬಿಟ್ಟು ಹಾಲು ಕೊಡಿ ಅಂತ ಹೇಳೋ ಹಾಗೆ ಇದಕ್ಕೆ ಹೇಳಕ್ಕಾಗಲ್ಲ. ಹಾಗಂತ ಹೆದರಿ ಮೊಲೆಹಾಲು ಬಿಡಿಸಿ ಡಬ್ಬಿ ಹಾಲಿಗೆ ಹೋಗೋದಲ್ಲ, ಗಾಂಜಾ ಬಿಡಬೇಕು, ಹಾಲು ಮುಂದುವರಿಸಬೇಕು.

ಬಸುರಿ ಅಂತ ಗೊತ್ತಿರಲಿಲ್ಲ, ಬ್ಯಾಂಕಾಕ್ ಟ್ರಿಪ್ಪಲ್ಲಿ ಎರಡು ಸಲ ಸೇದಿದ್ದೆ. ತೆಗೆಸಿಬಿಡಬೇಕಾ?

ಇಲ್ಲ, ಇಲ್ಲ, ಇಲ್ಲ. ಈ ಮೆಸೇಜ್ ಬಂದ ರಾತ್ರಿ ನಾನು ಆ ಹುಡುಗಿಗೆ ಫೋನೇ ಮಾಡ್ದೆ. ಥಾಯ್ಲೆಂಡಲ್ಲಿ 2022ರಲ್ಲಿ ಬಿಟ್ಟಿದ್ರು, 2025ರಲ್ಲಿ ಮತ್ತೆ ಡಾಕ್ಟರ್ ಚೀಟಿ ಬೇಕು ಅಂತ ಮಾಡಿದ್ರು, ನಡುವೆ ನಮ್ಮ ಹುಡುಗ ಹುಡುಗೀರು ಎಷ್ಟೋ ಜನ ಹೋಗಿ ಬಂದಿದ್ದಾರೆ. ಮೇಲೆ ಹೇಳಿದ 2023ರ ಮೂತ್ರ ಪರೀಕ್ಷೆಯ ಅಧ್ಯಯನದಲ್ಲೇ ಒಂದು ಒಳ್ಳೇ ಸುದ್ದಿ ಇದೆ: ಮೊದಲ ಮೂರು ತಿಂಗಳಲ್ಲಿ ಮಾತ್ರ ಇದ್ದು ಆಮೇಲೆ ನಿಲ್ಲಿಸಿದೋರಲ್ಲಿ ಆ ತೊಂದರೆಗಳು ಹೇಳಿಕೊಳ್ಳೋಷ್ಟು ಹೆಚ್ಚಿರಲಿಲ್ಲ, ಮುಂದುವರಿಸಿದೋರಲ್ಲಿ ಹೆಚ್ಚಿತ್ತು. ಈಗ ನಿಲ್ಲಿಸಿದ್ರೆ ಲಾಭ ಇದೆ ಅಂತ ಅದರರ್ಥ. ಫೋಲಿಕ್ ಆಸಿಡ್ ತಗೊಳ್ಳಿ, ಸ್ಕ್ಯಾನ್ ತಪ್ಪಿಸಬೇಡಿ, ಡಾಕ್ಟರಿಗೆ ಹೇಳಿ, ಅಷ್ಟೇ.

ಡಾಕ್ಟರಿಗೆ ಹೇಳಿದ್ರೆ ಪೊಲೀಸ್ ಬರ್ತಾರಾ? ಅತ್ತೆಗೆ ಗೊತ್ತಾಗತ್ತಾ?

ಇದಕ್ಕೇ ನಾನು ಇಷ್ಟೆಲ್ಲ ಬರೀತಿರೋದು. ಕಾನೂನು ಬಿಗಿ ಇದ್ರೂ ಸಡಿಲ ಇದ್ರೂ ಮಗುವಿಗೆ ಕೊನೆಗೆ ತಟ್ಟೋದು ಅಮ್ಮ ನಿಜ ಹೇಳಿದ್ಲಾ ಇಲ್ವಾ ಅನ್ನೋದು. ಬಿಗಿ ಇದ್ದಾಗ ಹೆದರಿ ಬಾಯಿ ಬಿಡಲ್ಲ, ಸಡಿಲ ಆದಾಗ ಇದರಲ್ಲೇನಿದೆ ಹೇಳೋಕೆ ಅಂತ ಬಾಯಿ ಬಿಡಲ್ಲ. ಎರಡರಲ್ಲೂ ನಮಗೆ ಗೊತ್ತಾಗೋದು ಮಗು ನಡುಗ್ತಾ, ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತಾ ವಾರ್ಮರಲ್ಲಿ ಮಲಗಿದ್ಮೇಲೆ, ಆಗ ನಾವು ಸೋಂಕಾ, ಸಕ್ಕರೆ ಕಮ್ಮಿನಾ, ಫಿಟ್ಸಾ ಅಂತ ಒಂದೊಂದೇ ಹುಡುಕ್ತಾ ಮಗುವಿನ ರಕ್ತ ತೆಗೀತಾ ಕೂರ್ತೀವಿ.

ಪೇಷಂಟ್ ಗುಟ್ಟು ಕಾಯೋದು ಡಾಕ್ಟರ ಕರ್ತವ್ಯ, ಅವರ ನೀತಿ ಸಂಹಿತೆಯಲ್ಲೇ ಇದೆ. ಅಲ್ಲದೆ ಎನ್‌ಡಿಪಿಎಸ್ ಕಾಯ್ದೇಲೇ 64ಎ ಅಂತ ಒಂದು ಸೆಕ್ಷನ್ ಇದೆ, ಚಟ ಇರೋರು ತಾವಾಗೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಬಂದ್ರೆ ಸೇದಿದ್ದಕ್ಕೆ, ಸಣ್ಣ ಪ್ರಮಾಣ ಇಟ್ಕೊಂಡಿದ್ದಕ್ಕೆ ಪ್ರಾಸಿಕ್ಯೂಷನ್ ಇಲ್ಲ, ಚಿಕಿತ್ಸೆ ಪೂರ್ತಿ ಮಾಡ್ಬೇಕು ಅಷ್ಟೇ. ಇದು ಎಷ್ಟು ಜನಕ್ಕೆ ಗೊತ್ತು?

ಅತ್ತೆ ವಿಷಯ ಬೇರೆ, ಅದು ಪೊಲೀಸಿಗಿಂತ ದೊಡ್ಡ ಭಯ ಅಂತ ನಂಗೂ ಗೊತ್ತು. ಚೆಕಪ್ಪಿಗೆ ಜೊತೇಲಿ ಬಂದೋರು ಒಳಗೇ ಕೂತಿರ್ತಾರೆ, ಆಗ "ಸಿಸ್ಟರ್, ತೂಕ ನೋಡ್ಬೇಕಿತ್ತು" ಅಂತ ನರ್ಸನ್ನ ಪಕ್ಕಕ್ಕೆ ಕರೀರಿ, ಅರ್ಥ ಆಗತ್ತೆ ನಮಗೆ. ತಾಯಿ ಕಾರ್ಡಲ್ಲಿ ಬರೀಬೇಡಿ ಅಂತ ಬಾಯಿಬಿಟ್ಟು ಕೇಳಿ. ಮತ್ತೆ ನನ್ನ ಜೊತೆ ಕೆಲಸ ಮಾಡೋರಿಗೊಂದು ಮಾತು: ಒಂದು ಹೆಣ್ಣುಮಗಳು ಧೈರ್ಯ ಮಾಡಿ ಹೇಳಿದಾಗ ಹುಬ್ಬು ಏರಿಸಬೇಡಿ, ವಾರ್ಡಲ್ಲಿ ಪಿಸುಗುಟ್ಟಬೇಡಿ, ನಾನೇ ಮೊದಮೊದಲು ಆ ತಪ್ಪು ಮಾಡಿದ್ದೀನಿ, ಆ ಹುಡುಗಿ ಆಮೇಲೆ ಚೆಕಪ್ಪಿಗೆ ಬರಲೇ ಇಲ್ಲ, ಅದು ಇವತ್ತಿಗೂ ಕೊರೀತದೆ.

ಮಗಳು ಅಮೆರಿಕಾದಲ್ಲಿ ಹೆರಿಗೆ. ಅಲ್ಲಿ ಹೇಗೆ?

ರಾಜ್ಯ ರಾಜ್ಯಕ್ಕೆ ಬೇರೆ. ದೊಡ್ಡೋರಿಗೆ ಲೀಗಲ್ ಇರೋ ರಾಜ್ಯದಲ್ಲೂ ಹೆರಿಗೆ ಟೈಮಲ್ಲಿ ತಾಯಿ ಮೂತ್ರ ಅಥವಾ ಮಗುವಿನ ಮೊದಲ ಕಪ್ಪು ಮಲ ಪರೀಕ್ಷೆ ಮಾಡಿ ಮಕ್ಕಳ ರಕ್ಷಣೆ ಇಲಾಖೆಗೆ ತಿಳಿಸಿರೋ ಉದಾಹರಣೆಗಳಿವೆ. ಆ ಮೊದಲ ಮಲದಲ್ಲಿ ಬಸುರಿನ ಹಿಂದಿನ ತಿಂಗಳುಗಳ ಗುರುತೂ ಉಳಿದಿರತ್ತೆ. ಮಗಳಿಗೆ ಹೇಳಿ, ಆ ಆಸ್ಪತ್ರೆಯ ರೂಲ್ಸ್ ಏನು ಅಂತ ಮೊದಲೇ ಕೇಳಿಟ್ಕೊಳ್ಳಲಿ.

ನಮ್ಮ ಕೊಡಗಲ್ಲಿ ನಿಜವಾಗಿ ಇದು ಇಷ್ಟು ದೊಡ್ಡ ಸಮಸ್ಯೆನಾ?

ಪ್ರಾಮಾಣಿಕವಾಗಿ ಹೇಳ್ತೀನಿ, ನಾನು ವಾರ್ಡಲ್ಲಿ ನೋಡಿದ ಕಮ್ಮಿ ತೂಕದ ಮಕ್ಕಳಲ್ಲಿ ಹೆಚ್ಚಿನೋರ ಹಿಂದೆ ಇದ್ದಿದ್ದು ರಕ್ತಹೀನತೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ಮತ್ತೆ ಎಂಟನೇ ತಿಂಗಳವರೆಗೂ ಇಳಿಜಾರಲ್ಲಿ ಕಾಫಿ ಮೂಟೆ ಹೊತ್ತ ಬೆನ್ನು. ತೋಟದ ಲೈನ್ ಮನೆಯ (ಕೂಲಿಯವರ ಸಾಲು ಮನೆ) ಹೆಂಗಸು ಹೊಗೆಸೊಪ್ಪು ಹಾಕಿದ್ರೆ ಯಾರೂ ಗಾಬರಿ ಆಗಲ್ಲ, ಯಾಕಂದ್ರೆ ಅದು ಲೀಗಲ್, ಅಂಗಡೀಲಿ ಸಿಗತ್ತೆ, ಅವರಮ್ಮನೂ ಹಾಕ್ತಿದ್ಲು. ಗಾಂಜಾಗೂ ನಾಳೆ ಅದೇ ಆಗಬಾರದು ಅನ್ನೋದೇ ನನ್ನ ಚಿಂತೆ.

ನಾಳೆ ಇಲ್ಲೂ ಲೀಗಲ್ ಮಾಡಿದ್ರೆ ನೀವು ಏನು ಕೇಳ್ತೀರಿ?

ಪರ ವಿರೋಧ ದೊಡ್ಡೋರ ವಿಷಯ, ನಾನು ಕೂಸುಗಳ ಕಡೆಯಿಂದ ಮಾತ್ರ ಕೇಳ್ತೀನಿ. ಕಾನೂನು ಬದಲಾಯಿಸೋ ಮೊದಲೇ ಹುಟ್ಟಿದ ತೂಕ, ಎಷ್ಟು ವಾರಕ್ಕೆ ಹುಟ್ಟಿದ್ದು, ಅಮ್ಮನ ಹೊಗೆ ಹೊಗೆಸೊಪ್ಪು ಕುಡಿತ ಎಲ್ಲದರ ಲೆಕ್ಕ ಜಿಲ್ಲೆ ಜಿಲ್ಲೇಲೂ ಇಟ್ಕೊಳ್ಳಿ, ಮೊದಲಿನ ಲೆಕ್ಕ ಇಲ್ಲದೆ ಆಮೇಲೆ ಬದಲಾಗಿದ್ದು ಹೇಗೆ ಗೊತ್ತಾಗತ್ತೆ. ಪ್ಯಾಕೆಟ್ ಮೇಲಿನ ಎಚ್ಚರಿಕೆ ಕನ್ನಡದಲ್ಲಿ ಇರಲಿ, ತೋಟಕ್ಕೆ ಅಸ್ಸಾಂ ಕಡೆಯಿಂದ ಬಂದು ಕೆಲಸ ಮಾಡೋರು ಓದೋ ಭಾಷೇಲೂ ಇರಲಿ, ಓದಕ್ಕೆ ಬರದೋರಿಗೆ ಚಿತ್ರ ಇರಲಿ. ಮಾರೋನು ಬಸುರಿಗೆ ಸಲಹೆ ಕೊಟ್ರೆ ಲೈಸೆನ್ಸ್ ಹೋಗಬೇಕು. ಬಂದ ಟ್ಯಾಕ್ಸಲ್ಲಿ ಒಂದು ಪಾಲು ತಾಲೂಕು ಆಸ್ಪತ್ರೆಗಳಲ್ಲಿ ನವಜಾತ ಶಿಶು ಘಟಕಕ್ಕೆ ಬರಲಿ, ಮಡಿಕೇರಿವರೆಗೆ ಆಂಬುಲೆನ್ಸಲ್ಲಿ ಒಂದೂವರೆ ಕೆಜಿ ಮಗುವನ್ನ ಎದೆಗವಚಿಕೊಂಡು ಆ ತಿರುವುಗಳಲ್ಲಿ ಹೋದೋರಿಗೆ ಗೊತ್ತು ಅದರ ಬೆಲೆ.

ಬಿಡಬೇಕು ಅಂತಿದೀನಿ, ಆಗ್ತಿಲ್ಲ. ಎಲ್ಲಿ ಕೇಳೋದು?

ದಿನಾ ಸೇದ್ತಿದ್ದೋರು ನಿಲ್ಲಿಸಿದಾಗ ಒಂದೆರಡು ವಾರ ನಿದ್ದೆ ಬರಲ್ಲ, ಸಿಟ್ಟು, ಊಟ ಸೇರಲ್ಲ, ಹಾಗಾಗತ್ತೆ, ಕಮ್ಮಿ ಆಗತ್ತೆ. ವ್ಯಸನದ ಉಚಿತ ಸಹಾಯವಾಣಿ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೂ ಮಾತಾಡ್ತಾರೆ. ಬೆಂಗಳೂರಲ್ಲಿರೋರಿಗೆ ನಿಮ್ಹಾನ್ಸಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಇಲ್ಲಿದ್ರೆ ಮಡಿಕೇರಿ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ, ಒಬ್ರೇ ಹೋಗೋಕೆ ಮುಜುಗರ ಅಂದ್ರೆ ನಿಮ್ಮೂರ ಆಶಾ ಅಕ್ಕನ್ನ ಕರ್ಕೊಂಡು ಹೋಗಿ. ಬಸುರಿ ಅಂತ ಚೀಟಿ ಬರೆಸೋ ಕೌಂಟರಲ್ಲೇ ಹೇಳಿ, ಅಷ್ಟು ಹೊತ್ತು ನಿಂತ್ಕೊಂಡು ಕಾಯಬೇಡಿ.